ಮುಂದಿನ ಪೆಟ್ಟಿಗೆ ಕಾಯುವ ಕಿವಿ

ಪ್ರಶ್ನೆ: ನಮ್ಮೂರ ಹಬ್ಬದಲ್ಲಿ ತಮಟೆ ಸದ್ದು ಬಿದ್ದರೆ ಕಾಲು ನನ್ನ ಮಾತು ಕೇಳುವುದಿಲ್ಲ. ಅದೇ ನಾನು ಮೇಲುಕೋಟೆಯ ಉತ್ಸವದಲ್ಲಿ ನಾಗಸ್ವರ ಕೇಳುತ್ತಾ ಅಲ್ಲಾಡದೆ ನಿಂತುಬಿಡುತ್ತೇನೆ. ಒಂದೇ ಭಾವಗೀತೆಯನ್ನು ಒಬ್ಬರು ನಿಧಾನವಾಗಿ ಹಾಡಿದರೆ ಕಣ್ಣು ತುಂಬುತ್ತದೆ, ಇನ್ನೊಬ್ಬರು ಚುರುಕಾಗಿ ಹಾಡಿದರೆ ಖುಷಿಯಾಗುತ್ತದೆ. ನನಗೆ ಸಂಗೀತ ಬರುವುದಿಲ್ಲ, ತಾಳ ಎಣಿಸಲೂ ಗೊತ್ತಿಲ್ಲ. ಆದರೂ ವೇಗ, ಲಯ ಬದಲಾದ ಕೂಡಲೇ ನನ್ನ ಅನುಭವ ಇಷ್ಟೊಂದು ಬದಲಾಗುವುದೇಕೆ?
ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಸಂಗೀತ ಬರುವುದಿಲ್ಲ ಎಂದು ಬರೆದಿದ್ದೀರಿ. ಹಾಡಲು, ಬಾರಿಸಲು ಬಾರದಿರಬಹುದು. ಕೇಳಲು ಚೆನ್ನಾಗಿಯೇ ಬರುತ್ತದೆ. ತಮಟೆಯ ಮುಂದಿನ ಪೆಟ್ಟು ಯಾವ ಗಳಿಗೆಗೆ ಬೀಳುತ್ತದೆಂದು ನಿಮ್ಮ ಕಾಲಿಗೆ ಮೊದಲೇ ಗೊತ್ತಿರದಿದ್ದರೆ ಅದು ಕುಣಿಯುತ್ತಲೇ ಇರಲಿಲ್ಲ. ಉತ್ತರದ ತಿರುಳು ಇಲ್ಲೇ ಇದೆ. ಲಯದ ಅರ್ಧ ಬಾರಿಸುವವರ ಕೈಯಲ್ಲಿ ಹುಟ್ಟುತ್ತದೆ, ಇನ್ನರ್ಧ ಕೇಳುವವರ ಮೈಯಲ್ಲಿ. ಅವರು ಒಂದು ಪೆಟ್ಟು ಹಾಕುತ್ತಾರೆ, ನೀವು ಮುಂದಿನದಕ್ಕೆ ಕಾಯುತ್ತೀರಿ. ಆ ಕಾಯುವಿಕೆ ಎಷ್ಟು ಹೊತ್ತಿನದು, ಅದು ಹೇಗೆ ಈಡೇರುತ್ತದೆ ಎಂಬುದರ ಮೇಲೆ ನಿಮ್ಮ ಖುಷಿ, ಕಣ್ಣೀರು, ಮೈಮರೆವು ಎಲ್ಲವೂ ನಿಂತಿವೆ.

ಮುಂದೆ ಹೋಗುವ ಮೊದಲು ಮೂರು ಸಂಗತಿಗಳನ್ನು ಬಿಡಿಸಿಟ್ಟುಕೊಳ್ಳೋಣ. ಒಂದು, ವೇಗ. ಎರಡು ಪೆಟ್ಟುಗಳ ನಡುವೆ ಎಷ್ಟು ಹೊತ್ತು ಎಂಬುದು. ವಿದ್ವಾಂಸರು ಕಾಲಪ್ರಮಾಣ ಎನ್ನುವುದು ಇದನ್ನೇ. ವಿಳಂಬ, ಮಧ್ಯ, ದ್ರುತ ಎಂದು ಅದನ್ನು ಮೂರಾಗಿ ವಿಂಗಡಿಸುತ್ತಾರೆ. ಎರಡು, ತಾಳ. ಎಷ್ಟು ಪೆಟ್ಟುಗಳಾದ ಮೇಲೆ ಸುತ್ತು ಮುಗಿದು ಮತ್ತೆ ಮೊದಲಿಗೆ ಬರುತ್ತೇವೆ ಎಂಬುದು. ಮೂರು, ನಡೆ. ಪೆಟ್ಟಿನಿಂದ ಪೆಟ್ಟಿಗೆ ಹೋಗುವಾಗ ನಡುವಿನ ಜಾಗ ಮೂರು ಚೂರಾಗುತ್ತದೋ ನಾಲ್ಕೋ ಐದೋ ಏಳೋ ಎಂಬುದು. ವೇಗ ಮೈಯನ್ನು ಹಿಡಿಯುತ್ತದೆ, ನಡೆ ಮನಸ್ಸನ್ನು ಹಿಡಿಯುತ್ತದೆ, ತಾಳ ಎರಡನ್ನೂ ಒಂದು ಗೂಟಕ್ಕೆ ಕಟ್ಟುತ್ತದೆ.

ಕೇಳುಗರು ಮುಂದಿನ ಪೆಟ್ಟನ್ನು ಮುಂಚೆಯೇ ಊಹಿಸುತ್ತಾರೆ ಎನ್ನುವುದಕ್ಕೆ ಸರಳವಾದ ಸಾಕ್ಷಿಯಿದೆ. ಟಕ್ ಟಕ್ ಎಂದು ಸಮನಾಗಿ ಬಡಿಯುವ ಯಂತ್ರದ ಜೊತೆಗೆ ಬೆರಳು ಕುಟ್ಟಿ ಎಂದು ಯಾರಿಗಾದರೂ ಹೇಳಿ ನೋಡಿ. ಸದ್ದು ಕೇಳಿಸಿದ ಮೇಲೆ ಕುಟ್ಟುವುದಾದರೆ ಬೆರಳು ಪ್ರತಿಸಲವೂ ಹಿಂದೆ ಬೀಳಬೇಕಿತ್ತು. ಆಗುವುದು ಅದಕ್ಕೆ ವಿರುದ್ಧ: ಹೆಚ್ಚಿನವರ ಬೆರಳು ಸದ್ದಿಗಿಂತ ಕೂದಲೆಳೆಯಷ್ಟು ಮುಂಚೆಯೇ ಬೀಳುತ್ತದೆ. ಹಂಗೇರಿ ಮತ್ತು ನೆದರ್‌ಲೆಂಡ್ಸ್‌ನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇನ್ನೂ ಬೆರಗು ಹುಟ್ಟಿಸುತ್ತದೆ. ಹುಟ್ಟಿ ಎರಡು ಮೂರು ದಿನವಾದ ಕೂಸುಗಳು ಮಲಗಿರುವಾಗ ಅವಕ್ಕೆ ಡ್ರಮ್ಮಿನ ಸದ್ದು ಕೇಳಿಸಿದರು. ಸುತ್ತಿನ ಮೊದಲ ಪೆಟ್ಟನ್ನು ನಡುನಡುವೆ ಬಿಟ್ಟಾಗ, ನಿದ್ದೆಯಲ್ಲಿದ್ದ ಕೂಸಿನ ಮಿದುಳು ಅದನ್ನು ಗುರುತಿಸಿತು. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು, ಅದು ಇಲ್ಲದೇ ಹೋದಾಗ ನಮ್ಮ ಮೈ ಹೇಗೆ ಗಕ್ಕನೆ ಎಚ್ಚರಗೊಳ್ಳುತ್ತದೋ ಹಾಗೆ. ಕೇಳುವುದೆಂದರೆ ಸದಾ ಒಂದು ಹೆಜ್ಜೆ ಮುಂದಿಟ್ಟುಕೊಂಡು ನಿಲ್ಲುವುದು.

ಇನ್ನು ಮಿದುಳಿನೊಳಗೆ ಇಣುಕಿದರೆ, ಕುರ್ಚಿಯಲ್ಲಿ ಅಲ್ಲಾಡದೆ ಕೂತು ಹಾಡು ಕೇಳುವಾಗಲೂ ಕೈಕಾಲು ಆಡಿಸುವುದಕ್ಕೆ ಸಂಬಂಧಪಟ್ಟ ಭಾಗಗಳು ಕೆಲಸ ಶುರುಮಾಡಿರುತ್ತವೆ. ನಿಮ್ಮ ಕಾಲು ನಿಮ್ಮ ಮಾತು ಕೇಳದಿರುವುದಕ್ಕೆ ಕಾರಣ ಇದು. ಕುಣಿಯುವ ಸಿದ್ಧತೆ ಒಳಗೆ ಆಗಲೇ ಮುಗಿದಿರುತ್ತದೆ; ಅದನ್ನು ತಡೆದು ನಿಲ್ಲಿಸುವುದೇ ನಿಮಗೆ ಉಳಿದಿರುವ ಕೆಲಸ.

ಎಲ್ಲ ವೇಗವೂ ಮೈಗೆ ಒಂದೇ ಅಲ್ಲ. ಆರಾಮವಾಗಿ ನಡೆಯುವವರು ನಿಮಿಷಕ್ಕೆ 100ರಿಂದ 120 ಹೆಜ್ಜೆ ಹಾಕುತ್ತಾರೆ. ಯಾವ ಸೂಚನೆಯೂ ಇಲ್ಲದೆ ಬೆರಳು ಕುಟ್ಟಿ ಎಂದರೂ ಬಹಳ ಜನ ಹೆಚ್ಚುಕಡಿಮೆ ಇದೇ ವೇಗದ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಜಗತ್ತಿನ ಎಷ್ಟೋ ಕುಣಿತದ ಸಂಗೀತ ಇದೇ ಅಳತೆಯ ಸುತ್ತಮುತ್ತ ಇರುವುದು ಆಕಸ್ಮಿಕವೇನಲ್ಲ. ಪೆಟ್ಟುಗಳು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹತ್ತಿರವಾದರೆ ಅವು ಬಿಡಿಬಿಡಿಯಾಗಿ ನಿಲ್ಲದೆ ಒಂದು ಉರುಳಿಕೆಯಾಗುತ್ತವೆ. ಸುಮಾರು ಎರಡು ಸೆಕೆಂಡಿಗಿಂತ ದೂರವಾದರೆ ಒಂದಕ್ಕೊಂದು ಕೊಂಡಿ ತಪ್ಪುತ್ತದೆ, ಮುಂದಿನದು ಯಾವಾಗ ಎಂದು ಮೈಗೆ ತಿಳಿಯುವುದಿಲ್ಲ. ಈ ಎರಡು ಎಲ್ಲೆಗಳ ನಡುವಿನ ಬಯಲಲ್ಲೇ ನಮ್ಮ ಹೆಚ್ಚಿನ ತಾಳಗಳು ಆಡುವುದು.

ವೇಗಕ್ಕೆ ಉಸಿರು, ಎದೆಬಡಿತವೂ ಸ್ಪಂದಿಸುತ್ತವೆ. ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಜನಕ್ಕೆ ಆರು ಬಗೆಯ ಸಂಗೀತ ಕೇಳಿಸಿದ್ದರು. ಅದರಲ್ಲಿ ಸಿತಾರಿನ ಒಂದು ರಾಗವೂ ಇತ್ತು. ವೇಗ ಹೆಚ್ಚಿದಂತೆ ಉಸಿರಾಟ, ಎದೆಬಡಿತ, ರಕ್ತದೊತ್ತಡ ಏರಿದವು. ಸಂಗೀತ ಯಾವ ಶೈಲಿಯದು, ಕೇಳುವವರಿಗೆ ಅದು ಇಷ್ಟವೋ ಇಲ್ಲವೋ ಎನ್ನುವುದಕ್ಕಿಂತ ವೇಗದ ಪರಿಣಾಮವೇ ದೊಡ್ಡದಾಗಿತ್ತು. ಆ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಸಂಗೀತದ ನಡುವೆ ಎರಡು ನಿಮಿಷ ಏನೂ ಕೇಳಿಸದೆ ಬಿಟ್ಟಾಗ, ಎದೆಬಡಿತ ಮತ್ತು ಉಸಿರು ಸಂಗೀತ ಶುರುವಾಗುವುದಕ್ಕೆ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿದವು. ಏರಿಸಿ ಬಿಟ್ಟ ಮೇಲೆ ಸಿಗುವ ವಿಶ್ರಾಂತಿ, ಸುಮ್ಮನೆ ಕೂತು ಪಡೆಯುವ ವಿಶ್ರಾಂತಿಗಿಂತ ಆಳವಾದದ್ದು. ಹಬ್ಬದ ಕುಣಿತ ಮುಗಿಸಿ ಜಗಲಿಯ ಮೇಲೆ ಕೂತಾಗ ಸಿಗುವ ನಿರಾಳ ಎಲ್ಲಿಂದ ಬರುತ್ತದೆ ಎಂಬುದು ಈಗ ನಿಮಗೆ ಹೊಳೆದಿರಬಹುದು.

ಈಗ ತಮಟೆಯ ಹತ್ತಿರಕ್ಕೆ ಹೋಗೋಣ. ಬಾರಿಸುವ ಮೊದಲು ಒಂದಷ್ಟು ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಾರೆ. ಬಿಸಿಗೆ ಚರ್ಮ ಬಿಗಿಯಾಗುತ್ತದೆ, ಸದ್ದು ಹರಿತವಾಗುತ್ತದೆ. ಪೆಟ್ಟು ಎಲ್ಲಿ ಶುರುವಾಯಿತು ಎಂಬುದು ಕಿವಿಗೆ ಖಚಿತವಾಗಿ ಸಿಗುವುದು ಈ ಹರಿತದಿಂದ. ಸಡಿಲ ಚರ್ಮದ ಮಂಕು ಸದ್ದಿನಲ್ಲಿ ಪೆಟ್ಟಿನ ಅಂಚೇ ಕಾಣುವುದಿಲ್ಲ. ಬಾರಿಸುವಾಗ ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ಸಪೂರ ಕಡ್ಡಿ. ದಪ್ಪ ಕೋಲು ಹೆಜ್ಜೆ ಎಲ್ಲಿ ಊರಬೇಕೆಂದು ಹೇಳುತ್ತದೆ. ಸಪೂರ ಕಡ್ಡಿ ಹೆಜ್ಜೆಹೆಜ್ಜೆಯ ನಡುವಿನ ಜಾಗವನ್ನು ಚೂರುಚೂರು ಮಾಡಿ ತುಂಬುತ್ತದೆ. ನಿಮ್ಮ ಕಾಲು ಕೇಳುವುದು ಮೊದಲನೆಯದನ್ನು, ಭುಜ ಕುಣಿಯುವುದು ಎರಡನೆಯದಕ್ಕೆ. ಶುರುವಿನಲ್ಲಿ ಗತ್ತು ನಿಧಾನ. ಒಂದು ಮಟ್ಟು ನಾಲ್ಕಾರು ಸುತ್ತು ತಿರುಗಿ ಎಲ್ಲರ ಮೈಗೂ ಕೂತ ಮೇಲೆ ಇನ್ನೊಂದಕ್ಕೆ ಹೊರಳುತ್ತದೆ. ವೇಗ ಏರುತ್ತದೆ, ಒಂದೆಡೆ ಗಕ್ಕನೆ ನಿಲ್ಲುತ್ತದೆ, ಮತ್ತೆ ಒಮ್ಮೆಲೇ ಬೀಳುತ್ತದೆ. ಆ ನಿಲುಗಡೆಯಲ್ಲಿ ಜನ ಕೇಕೆ ಹಾಕುವುದು ಸುಮ್ಮನೆ ಅಲ್ಲ. ಸದ್ದು ನಿಂತರೂ ಎಣಿಕೆ ಅವರೊಳಗೆ ನಡೆಯುತ್ತಿರುತ್ತದೆ. ತಮಟೆ ಮತ್ತೆ ಬಿದ್ದಾಗ ತಾವು ಎಣಿಸಿದ ಜಾಗದಲ್ಲೇ ಅದು ಬಿತ್ತೆಂಬ ಗೆಲುವು ಎಲ್ಲರಿಗೂ ಒಟ್ಟಿಗೆ ಸಿಗುತ್ತದೆ.

ಮಂಡ್ಯ ಸೀಮೆಯ ಪೂಜೆ ಕುಣಿತವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಿ. ಬಿದಿರಿನ ಚೌಕಟ್ಟು, ಅದಕ್ಕೆ ನಿರಿಗೆ ಹಿಡಿದ ಸೀರೆಗಳು, ನಡುವೆ ಶಕ್ತಿದೇವತೆಯ ಹಿತ್ತಾಳೆ ಮುಖ. ಇಷ್ಟನ್ನೂ ತಲೆಯ ಮೇಲೆ ಹೊತ್ತವರು ಕೈ ಬಿಟ್ಟು ಕುಣಿಯುತ್ತಾರೆ. ತಲೆಯ ಮೇಲಿನ ಭಾರ ತೂಗುವುದಕ್ಕೆ ಅದರದೇ ಒಂದು ಕಾಲ ಬೇಕು. ಅದನ್ನು ಮೀರಿ ಹೆಜ್ಜೆ ಹಾಕಿದರೆ ಆ ಚೌಕಟ್ಟು ವಾಲುತ್ತದೆ. ಹಾಗಾಗಿ ತಮಟೆಯವರ ಕಣ್ಣು ಯಾವಾಗಲೂ ಕುಣಿಯುವವರ ಕಾಲಿನ ಮೇಲೆ. ಅವರು ಸಜ್ಜಾದಾಗ ಇವರು ಏರಿಸುತ್ತಾರೆ, ಅವರು ಉಸಿರು ತೆಗೆದುಕೊಳ್ಳುವಾಗ ಇವರು ಇಳಿಸುತ್ತಾರೆ. ಸುತ್ತ ನಿಂತ ನಮಗೆ ಬರುವ ಆನಂದದಲ್ಲಿ ಈ ಕೊಡುಕೊಳ್ಳುವಿಕೆಯ ಪಾಲು ದೊಡ್ಡದು. ಡಿಜೆ ಪೆಟ್ಟಿಗೆಯಲ್ಲಿ ಕೊರತೆ ಇರುವುದು ಇಲ್ಲೇ. ಅದರ ಸದ್ದು ಎದೆಗೆ ಬಡಿಯುತ್ತದೆ, ವೇಗವೂ ಕಾಲಿಗೆ ಒಪ್ಪುವಂಥದ್ದೇ. ಆದರೆ ಅದು ಯಾರ ಕಾಲನ್ನೂ ನೋಡುವುದಿಲ್ಲ. ಒಂದೇ ವೇಗ, ಒಂದೇ ನಾಲ್ಕರ ನಡೆ ಗಂಟೆಗಟ್ಟಲೆ ಹೋದರೆ ಕಾಯುವುದಕ್ಕೇನೂ ಉಳಿಯುವುದಿಲ್ಲ. ಮೈ ದಣಿಯುತ್ತದೆ, ಮನಸ್ಸು ತಣಿಯುವುದಿಲ್ಲ.

ವೇಗದ ಮಾತು ಇಷ್ಟು. ನಡೆಯ ಮಾತು ಇದಕ್ಕಿಂತ ಸೂಕ್ಷ್ಮ. ಅದಕ್ಕೆ ನಿಮ್ಮ ಸುತ್ತಮುತ್ತಲ ಊರು, ಹೊಳೆಗಳ ಹೆಸರುಗಳೇ ಸಾಕು. ನಮ್ಮ ಛಂದಸ್ಸಿನಲ್ಲಿ ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ ಎರಡು. ಈ ಲೆಕ್ಕದಲ್ಲಿ ಬಸ್ ನಿಲ್ದಾಣದಲ್ಲಿ ಕೂಗುವಂತೆ ‘ನಾಗಮಂಗಲ ನಾಗಮಂಗಲ’ ಎಂದು ಹೇಳುತ್ತಾ ಚಪ್ಪಾಳೆ ಹಾಕಿ. ನಾಗ ಮೂರು, ಮಂಗಲ ನಾಲ್ಕು: ಏಳರ ನಡೆ. ಎರಡು ಸಲ ಹೇಳಿದರೆ ಹದಿನಾಲ್ಕು. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ಮೊದಲ ಸಾಲಿನ ಅಳತೆ ಸರಿಯಾಗಿ ಇಷ್ಟೇ, ಮೂರು ನಾಲ್ಕು ಮೂರು ನಾಲ್ಕು. ಸಂಗೀತದವರು ಇದೇ ನಡೆಯನ್ನು ‘ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳಿ ಮಿಶ್ರಛಾಪು ಎನ್ನುತ್ತಾರೆ. ಈಗ ‘ಕಿಕ್ಕೇರಿ, ಬೆಳ್ಳೂರು, ಕಾವೇರಿ, ಹೊಸಹೊಳಲು’ ಎನ್ನಿ. ಪ್ರತಿಯೊಂದೂ ಐದು, ಒಟ್ಟು ಇಪ್ಪತ್ತು: ವಾರ್ಧಕ ಷಟ್ಪದಿಯ ಸಾಲಿನ ಅಳತೆ. ‘ಶ್ರೀರಂಗಪಟ್ಟಣ’ ಐದು ಮತ್ತು ನಾಲ್ಕು ಸೇರಿ ಒಂಬತ್ತು, ಸಂಕೀರ್ಣ ನಡೆ.

ಕೊನೆಗೆ ‘ಮೇಲುಕೋಟೆ’ ಮತ್ತು ‘ಪಾಂಡವಪುರ’. ಎರಡೂ ಆರೇ ಮಾತ್ರೆ. ಆದರೆ ಮೇಲುಕೋಟೆ ಮೂರು ಮೂರಾಗಿ ಹೆಜ್ಜೆ ಇಡುತ್ತದೆ, ಪಾಂಡವಪುರ ನಾಲ್ಕು ಎರಡಾಗಿ. ವೇಗ ಒಂದೇ, ಒಟ್ಟು ಒಂದೇ, ಅನುಭವ ಬೇರೆ. ಮೊದಲನೆಯದು ಉಯ್ಯಾಲೆ ಆಡುತ್ತದೆ. ಎರಡನೆಯದು ನಡೆದು ಬಂದು ಥಟ್ಟನೆ ನಿಲ್ಲುತ್ತದೆ. ಗುಂಪು ಬದಲಾದರೆ ನೀವು ಕಾಯುವ ಜಾಗ ಬದಲಾಗುತ್ತದೆ. ನಡೆಯ ಗುಟ್ಟು ಇಷ್ಟೇ.

ನಿಮ್ಮ ಸೀಮೆಯವರು ಈ ಗುಟ್ಟನ್ನು ಬಲ್ಲವರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದಾಗ ಹೊಸಗನ್ನಡ ಕವಿತೆಗೆ ತಂದದ್ದು ಹೊಸ ವಸ್ತುವನ್ನಷ್ಟೇ ಅಲ್ಲ. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ಬಗೆಯಲ್ಲಿ ಜೋಡಿಸಿ ಹೊಸ ಹೆಜ್ಜೆಗಳನ್ನು ತಂದರು. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ ಆ ಹೆಜ್ಜೆಗಳನ್ನು ರಂಗದ ಮೇಲೆ ನಡೆಸಿದರು. ಅವರ ‘ಅಹಲ್ಯೆ’, ‘ಗೋಕುಲ ನಿರ್ಗಮನ’ ಓದುವ ನಾಟಕಗಳಷ್ಟೇ ಆಗಿರದೆ ಹಾಡುವ ನಾಟಕಗಳು. ಪಾತ್ರದ ಮನಸ್ಸು ಹೊರಳಿದಲ್ಲಿ ಮಾತಿನ ನಡೆಯೂ ಹೊರಳುತ್ತದೆ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂತು. ಅಲ್ಲಿ ದಾಂಪತ್ಯದ ಮಾತು ಮಾತಾಗಿಯೇ ಉಳಿದು ಹಾಡಾಗಲು ಸಾಧ್ಯವಾದದ್ದು ನಡೆಯ ಹದದಿಂದ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರು ಕನ್ನಡದ ಕವಿತೆಗಳನ್ನು ಮನೆಮನೆಗೆ ತಲುಪಿಸಿದ್ದು ಈ ಅಡಿಪಾಯದ ಮೇಲೆ ನಿಂತು.

ಶ್ರೀರಂಗಪಟ್ಟಣದ ಪಾಲು ಇವರೆಲ್ಲರಿಗಿಂತ ಹಿಂದಿನದು. ಗೋವಿಂದವೈದ್ಯ 1648ರ ‘ಕಂಠೀರವ ನರಸರಾಜ ವಿಜಯ’ದಲ್ಲಿ ಅಲ್ಲಿಯ ನವರಾತ್ರಿಯ ವೈಭವವನ್ನು ಬಣ್ಣಿಸಿದ್ದು ಸಾಂಗತ್ಯವೆಂಬ ಹಾಡುವ ಛಂದಸ್ಸಿನಲ್ಲಿ. ಮುಂದೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದದ್ದೂ ಸಾಂಗತ್ಯದಲ್ಲೇ. ಸಾಂಗತ್ಯದ ಮೊದಲ ಸಾಲು ಉದ್ದ, ಎರಡನೆಯದು ಗಿಡ್ಡ. ಮತ್ತೆ ಉದ್ದ, ಮತ್ತೆ ಗಿಡ್ಡ. ಗಿಡ್ಡ ಸಾಲು ಮುಗಿದ ಮೇಲೆ ಉಳಿಯುವ ಬಿಡುವಿನಲ್ಲಿ ಹಾಡುವವರು ಉಸಿರು ಎಳೆದುಕೊಳ್ಳುತ್ತಾರೆ, ಕೇಳುವವರು ಹೇಳಿದ್ದನ್ನು ಒಳಗಿಳಿಸಿಕೊಳ್ಳುತ್ತಾರೆ. ಮನೆಯ ಹೆಂಗಸರು ಕೆಲಸ ಮಾಡುತ್ತಲೇ ಹಾಡಿಕೊಳ್ಳುವುದಕ್ಕೆ, ಬಾಯಿಪಾಠ ಮಾಡುವುದಕ್ಕೆ ಸಾಂಗತ್ಯ ಒದಗಿಬಂದದ್ದರಲ್ಲಿ ಈ ಬಿಡುವಿನ ಪಾಲು ಇದೆ. ರಾಗಿ ಬೀಸುವ ಪದದಲ್ಲೂ ಹೀಗೆಯೇ. ಕಲ್ಲಿನ ಸುತ್ತು ಎಷ್ಟು ಹೊತ್ತಿನದೋ ಹಾಡಿನ ಸುತ್ತೂ ಅಷ್ಟೇ. ತೋಳಿಗೆ ಒಪ್ಪುವ ವೇಗವೇ ಹಾಡಿನ ವೇಗ. ಸೋಬಾನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಮರಳಿ ಹೇಳುತ್ತಾರೆ. ಮೊದಲನೇ ಸಲ ಕೇಳಿದ್ದು ಎರಡನೇ ಸಲ ನಮ್ಮದಾಗುತ್ತದೆ.

ಈ ನಡೆಗಳು ನಮಗೆ ಸಹಜವೆನಿಸುತ್ತವೆ. ಎಲ್ಲರಿಗೂ ಹಾಗಲ್ಲ. ಏಳರ ನಡೆ ಅಮೆರಿಕ, ಕೆನಡಾಗಳ ಎಷ್ಟೋ ದೊಡ್ಡವರಿಗೆ ಕುಂಟಿದಂತೆ ಕೇಳಿಸುತ್ತದೆ. ಬಾಲ್ಕನ್ ನಾಡಿನ ಹಳ್ಳಿಗಳಲ್ಲಿ ಅದೇ ಏಳಕ್ಕೆ ಜನ ಮದುವೆಯಲ್ಲಿ ಕುಣಿಯುತ್ತಾರೆ. ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ಎಂಬ ಸಂಶೋಧಕಿಯರು 2005ರಲ್ಲಿ ತೋರಿಸಿದ್ದು ಇದರ ಬೇರನ್ನು. ಉತ್ತರ ಅಮೆರಿಕದ ಆರು ತಿಂಗಳ ಕೂಸುಗಳು ಸರಳ ನಡೆಯಲ್ಲಿ ತಪ್ಪಾದರೂ ಗುರುತಿಸಿದವು, ಬಾಲ್ಕನ್ ನಡೆಯಲ್ಲಿ ತಪ್ಪಾದರೂ ಗುರುತಿಸಿದವು. ಹನ್ನೆರಡು ತಿಂಗಳಾಗುವಷ್ಟರಲ್ಲಿ ಸುತ್ತ ಕೇಳಿಸದ ನಡೆ ಅವುಗಳ ಕಿವಿಯಿಂದ ಜಾರತೊಡಗಿತ್ತು. ಆ ವಯಸ್ಸಿನಲ್ಲಿ ಕೆಲವು ದಿನ ಬಾಲ್ಕನ್ ಸಂಗೀತ ಕೇಳಿಸಿದರೆ ಅದು ಮರಳಿ ಬಂತು; ದೊಡ್ಡವರಿಗೆ ಅಷ್ಟು ಸುಲಭವಾಗಲಿಲ್ಲ. ಎಲ್ಲ ನಡೆಗೂ ತೆರೆದ ಕಿವಿಯೊಂದಿಗೆ ನಾವು ಹುಟ್ಟುತ್ತೇವೆ, ಊರು ಕೇಳಿಸಿದ್ದನ್ನು ಉಳಿಸಿಕೊಳ್ಳುತ್ತೇವೆ. ನಿಮಗೆ ತಾಳ ಎಣಿಸಲು ಬಾರದಿದ್ದರೂ ಏಳರ ನಡೆ ತಪ್ಪಿದರೆ ಇರಿಸುಮುರುಸಾಗುತ್ತದೆ ಎಂದರೆ, ನಿಮಗೆ ಮಾತು ಬರುವ ಮೊದಲೇ ಯಾರೋ ಅದನ್ನು ನಿಮ್ಮ ಕಿವಿಗೆ ಹಾಕಿದ್ದಾರೆ.

ಈಗ ನಿಧಾನದ ವಿಚಾರ. ನಿಧಾನದ ಹಾಡೆಲ್ಲ ದುಃಖದ್ದು, ಚುರುಕಿನದೆಲ್ಲ ಸಂತೋಷದ್ದು ಎನ್ನುವುದರಲ್ಲಿ ಸ್ವಲ್ಪ ನಿಜವಿದೆ. ಕೆನಡಾದ ಸಂಶೋಧಕರು 1999ರಲ್ಲಿ ಹಿಂದೂಸ್ತಾನಿ ಸಂಗೀತದ ಗಂಧವೇ ಇಲ್ಲದ ಕೇಳುಗರಿಗೆ ರಾಗಗಳನ್ನು ಕೇಳಿಸಿದಾಗ, ಯಾವುದು ಸಂತೋಷದ್ದು, ಯಾವುದು ದುಃಖದ್ದು ಎಂಬುದನ್ನು ಅವರು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದರು. ಅವರಿಗೆ ದಾರಿ ತೋರಿದ ಗುರುತುಗಳಲ್ಲಿ ವೇಗ ಮುಖ್ಯವಾದದ್ದು. ದುಃಖದಲ್ಲಿರುವವರು ನಿಧಾನವಾಗಿ ನಡೆಯುತ್ತಾರೆ, ನಿಧಾನವಾಗಿ ಮಾತಾಡುತ್ತಾರೆ. ಹಾಡಿನಲ್ಲಿ ಆ ನಡಿಗೆಯನ್ನು ಕೇಳಿ ನಾವು ಗುರುತು ಹಿಡಿಯುತ್ತೇವೆ.

ನೀವು ಹೇಳುವ ಭಾವಗೀತೆಯಲ್ಲಿ ವೇಗದ ಜೊತೆಗೆ ಇನ್ನೆರಡು ಸಂಗತಿಗಳು ಬದಲಾಗುತ್ತವೆ. ಮೊದಲನೆಯದು, ಸ್ವರದ ಬಳುಕು. ನಿಧಾನದಲ್ಲಿ ಒಂದು ಸ್ವರ ತೂಗಾಡಿ, ಪಕ್ಕದ ಸ್ವರವನ್ನು ಮುಟ್ಟಿ, ಮರಳಿ ಬರುವುದಕ್ಕೆ ಹೊತ್ತು ಇರುತ್ತದೆ. ಚುರುಕಾದಾಗ ಆ ಗಮಕ ಚಪ್ಪಟೆಯಾಗಿ, ಸ್ವರ ಬರೀ ಮೆಟ್ಟಿ ಮುಂದೆ ಹೋಗುತ್ತದೆ. ಎರಡನೆಯದು, ಮಾತು. ನಿಧಾನದಲ್ಲಿ ಒಂದೊಂದು ಪದವೂ ಅರ್ಥವಾಗಿ ಎದೆಗೆ ಇಳಿಯುವುದಕ್ಕೆ ಜಾಗ ಸಿಗುತ್ತದೆ; ಚುರುಕಿನಲ್ಲಿ ಪದಗಳು ಒಂದನ್ನೊಂದು ತಳ್ಳಿ ತಾವೇ ತಾಳವಾಗುತ್ತವೆ. ಮೊದಲನೆಯ ಸಲ ನೀವು ಕವಿತೆಯನ್ನು ಕೇಳುತ್ತೀರಿ, ಎರಡನೆಯ ಸಲ ಕವಿತೆಯ ಹೆಜ್ಜೆಯನ್ನು ಕೇಳುತ್ತೀರಿ. ಎರಡಕ್ಕೂ ಬೆಲೆಯಿದೆ.

ಮೇಲುಕೋಟೆಯಲ್ಲಿ ನೀವು ನಿಂತುಬಿಡುವ ಅನುಭವ ಇನ್ನೊಂದು ಬಗೆಯದು. ಫಾಲ್ಗುಣದ ರಾತ್ರಿ ವೈರಮುಡಿ ಧರಿಸಿದ ಚೆಲುವನಾರಾಯಣ ಗರುಡವಾಹನದ ಮೇಲೆ ಬರುವಾಗ ಇಡೀ ಬೀದಿಯ ವೇಗವನ್ನು ಗೊತ್ತುಮಾಡುವುದು ವಾಹನ ಹೊತ್ತವರ ಹೆಗಲು. ದಿವ್ಯಪ್ರಬಂಧ ಹೇಳುವ ಗೋಷ್ಠಿ ಮುಂದೆ, ವೇದಗೋಷ್ಠಿ ಹಿಂದೆ. ನಾಗಸ್ವರ, ಡೋಲು ಎಲ್ಲವೂ ಆ ಹೆಗಲಿಗೆ ಹೊಂದಿಕೊಂಡು ನಡೆಯಬೇಕು. ನಾಗಸ್ವರ ರಾಗವನ್ನು ಹರಡುವಾಗ ತಾಳದ ಕಟ್ಟು ಇರುವುದಿಲ್ಲ. ಮುಂದಿನ ಪೆಟ್ಟು ಎಲ್ಲಿ ಎಂದು ಹುಡುಕುವ ಮೈಗೆ ಹಿಡಿಯಲು ಏನೂ ಸಿಗದಿದ್ದಾಗ ಅದು ಹುಡುಕುವುದನ್ನು ಬಿಡುತ್ತದೆ, ಕಿವಿ ಸ್ವರದ ಒಳಕ್ಕೆ ಹೋಗುತ್ತದೆ. ಕಾಲು ನಿಲ್ಲುವುದು ಆಗ. ಹಿಂದೂಸ್ತಾನಿಯ ಅತಿವಿಳಂಬಿತ ಖಯಾಲಿನಲ್ಲಿ ಎರಡು ಮಾತ್ರೆಗಳ ನಡುವಿನ ದೂರ ಎರಡು ಸೆಕೆಂಡಿನ ಎಲ್ಲೆಯನ್ನೂ ದಾಟುತ್ತದೆ. ಅಲ್ಲಿ ಕೇಳುಗರು ದಾರಿ ತಪ್ಪದಿರಲೆಂದೇ ತಬಲಾ ನಡುವೆ ಸಣ್ಣ ಸಣ್ಣ ಪೆಟ್ಟುಗಳನ್ನು ತುಂಬುತ್ತದೆ.

ಕರ್ನಾಟಕ ಸಂಗೀತ ಕಚೇರಿಯಲ್ಲಿ ಈ ಕಾಯುವಿಕೆಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದಾರೆ. ವರ್ಣವೆಂಬ ರಚನೆಯನ್ನು ಒಂದನೇ ಕಾಲದಲ್ಲಿ ಹಾಡಿ ಎರಡನೇ ಕಾಲಕ್ಕೆ ಹೋದಾಗ ತಾಳ ಹಾಕುವ ಕೈ ಅದೇ ವೇಗದಲ್ಲಿರುತ್ತದೆ. ಸ್ವರಗಳು ಮಾತ್ರ ಇಮ್ಮಡಿಯಾಗುತ್ತವೆ. ಕೈಯ ನೆಮ್ಮದಿ, ಸ್ವರದ ಅವಸರ ಎರಡೂ ಒಟ್ಟಿಗೆ ಸಿಗುವ ಸುಖ ಇದು. ಇನ್ನು ಮೃದಂಗದ ಮುಕ್ತಾಯವನ್ನು ಗಮನಿಸಿ. ಆದಿತಾಳದಲ್ಲಿ 8 ಎಣಿಕೆ. ಎಣಿಕೆಗೆ ನಾಲ್ಕರಂತೆ ಒಂದು ಸುತ್ತಿಗೆ 32 ಮಾತ್ರೆ. ‘ತದಿಗಿಣತೊಂ’ ಎಂಬ ಐದು ಮಾತ್ರೆಯ ಜತಿಯನ್ನು ಮೂರು ಸಲ ಬಾರಿಸಿದರೆ 15. ಹಾಗಾಗಿ 17 ಮಾತ್ರೆ ಕಳೆದ ಮೇಲೆ ಅದನ್ನು ಹಿಡಿದರೆ ಮೂರನೆಯದು ಮುಗಿಯುವುದಕ್ಕೂ ಸುತ್ತು ಮುಗಿಯುವುದಕ್ಕೂ ಸರಿಹೋಗುತ್ತದೆ. ನಾಲ್ಕರ ಎಣಿಕೆಯ ಮೇಲೆ ಐದರ ತುಂಡುಗಳು ಓರೆಯಾಗಿ ಬೀಳುತ್ತಾ ಹೋಗುವಾಗ ಮೊದಲ ಸಲ ಕಿವಿ ತಬ್ಬಿಬ್ಬಾಗುತ್ತದೆ, ಎರಡನೇ ಸಲ ಗುರುತು ಹಿಡಿಯುತ್ತದೆ, ಮೂರನೇ ಸಲ ಎಲ್ಲಿ ಮುಗಿಯುತ್ತದೆಂದು ತಾನೇ ಓಡಿಹೋಗಿ ಕಾಯುತ್ತದೆ. ಲೆಕ್ಕ ಗೊತ್ತಿಲ್ಲದವರ ತಲೆಯೂ ಸರಿಯಾದ ಜಾಗದಲ್ಲಿ ತೂಗುವುದು ಇದರಿಂದ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅನುಭವವೆಲ್ಲ ಲಯದ್ದೇ ಎಂದುಕೊಳ್ಳಬಾರದು. ರಾಗಕ್ಕೆ ಅದರ ಕೆಲಸವಿದೆ, ಸಾಹಿತ್ಯಕ್ಕೆ ಅದರದು, ಕಂಠಕ್ಕೆ ಅದರದು. ಅವ್ವನ ಬಾಯಲ್ಲಿ ಕೇಳಿದ ಹಾಡು ಯಾವ ವೇಗದಲ್ಲಿದ್ದರೂ ಕಣ್ಣು ತುಂಬಿಸಬಹುದು. ವೇಗ ಎದೆಬಡಿತವನ್ನು ಏರಿಸೀತು, ಇಳಿಸೀತು. ಅದನ್ನು ಹಿಡಿದುಕೊಂಡು ಇಂಥ ತಾಳ ಇಂಥ ಕಾಯಿಲೆಗೆ ಮದ್ದು ಎಂದು ಮಾರುವವರನ್ನು ನಂಬಬೇಡಿ.

ನೀವು ಮಾಡಿ ನೋಡಬಹುದಾದದ್ದು ಇಷ್ಟು. ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಅರ್ಧ ವೇಗದಲ್ಲಿ ಗುನುಗಿ. ಯಾವ ಪದ ಹೊಸದಾಗಿ ಎದ್ದು ಕಾಣುತ್ತದೆ ನೋಡಿ. ಒಂದು ಕಚೇರಿಯಲ್ಲಿ ತಾಳವಾದ್ಯದವರಷ್ಟೇ ಬಾರಿಸುವ ತನಿ ಆವರ್ತನ ಶುರುವಾದಾಗ ಎದ್ದುಹೋಗದೆ ತೊಡೆಯ ಮೇಲೆ ತಾಳ ಹಾಕುತ್ತಾ ಕೊನೆಯವರೆಗೆ ಕೂತುಕೊಳ್ಳಿ. ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕಕ್ಕೆ ಮಕ್ಕಳನ್ನು ಕರೆದೊಯ್ದು ನಮ್ಮ ವಾದ್ಯಗಳನ್ನು ಹತ್ತಿರದಿಂದ ತೋರಿಸಿ. ಅದೇ ತಾಲ್ಲೂಕಿನ ಜೀ.ಶಂ. ಪರಮಶಿವಯ್ಯನವರು ಬದುಕಿಡೀ ದುಡಿದ ಮೂಡಲಪಾಯ ಯಕ್ಷಗಾನದ ಆಟ ಎಲ್ಲಾದರೂ ನಡೆದರೆ ತಪ್ಪಿಸಿಕೊಳ್ಳಬೇಡಿ; ಮುಖವೀಣೆ ಮತ್ತು ಮದ್ದಲೆಯ ಜೊತೆ ಷಟ್ಪದಿಗಳ ನಡೆ ಜೀವಂತವಾಗಿ ಕೇಳಸಿಗುವ ಜಾಗ ಅದು.

ನನ್ನ ಕೊನೆಯ ಮಾತು ನಿಮ್ಮ ಊರಿನ ಹಬ್ಬದ ಬಗ್ಗೆ. ಕೇಳುಗರ ಪಾಲಿನ ಅರ್ಧ ತಾನಾಗಿ ಬರುವುದಿಲ್ಲ. ಅದನ್ನು ಸುತ್ತಲಿನ ಸದ್ದು ಕಲಿಸುತ್ತದೆ, ಅದೂ ಬದುಕಿನ ಮೊದಲ ವರ್ಷದಲ್ಲೇ ಶುರುವಾಗುತ್ತದೆ. ಊರಿನಲ್ಲಿ ನಾಲ್ಕರ ನಡೆಯ ಒಂದೇ ವೇಗದ ಸದ್ದು ಮಾತ್ರ ಉಳಿದರೆ, ಇಂದು ತೊಟ್ಟಿಲಲ್ಲಿರುವ ಮಗು ನಾಳೆ ಮೂರು ನಾಲ್ಕರ ಹೊರಳನ್ನು, ಐದರ ಓರೆಯನ್ನು, ನಿಧಾನದಿಂದ ಏರುವ ಗತ್ತನ್ನು ಕೇಳಿದರೂ ಅದರಲ್ಲಿ ಕಾಯುವುದಕ್ಕೇನೂ ಕಾಣಲಾರದು. ಆದ್ದರಿಂದ ಮುಂದಿನ ಹಬ್ಬಕ್ಕೆ ಚಂದಾ ಎತ್ತುವಾಗ ನಿಮ್ಮ ಸೀಮೆಯ ತಮಟೆ ತಂಡಕ್ಕೆ, ಪೂಜೆ ಕುಣಿತದವರಿಗೆ, ಸೋಬಾನೆ ಹಾಡುವ ತಾಯಂದಿರಿಗೆ ಮೊದಲು ವೀಳ್ಯ ಕೊಡಿ, ಅವರ ದುಡಿಮೆಗೆ ತಕ್ಕ ಸಂಭಾವನೆ ಕೊಡಿ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡೇ ಹೋಗಿ ಕೇಳಿಸಿ. ನಿಮ್ಮ ಮೊಮ್ಮಕ್ಕಳೂ ಒಂದು ದಿನ ನೀವು ಕೇಳಿದ ಈ ಪ್ರಶ್ನೆಯನ್ನು ಕೇಳುವಂತಾಗಬೇಕಾದರೆ ಅದಕ್ಕೆ ಇರುವ ದಾರಿ ಇದೇ.